ಮೊದಲು ಅಜ್ಜಿಯ ಕತೆ

ಒಂದಾನೊಂದು ಬಾಡಿಗೆ ಮನೆಯಲ್ಲಿ ಒಬ್ಬ ರಾಜನಿದ್ದ. ಅವನ ಸಂಪತ್ತೆಂದರೆ ಆಳೆತ್ತರದ ಎರಡು ಸ್ಪೀಕರು, ಒಂದು ಟೇಪ್ ಡೆಕ್ಕು, ಒಂಬೈನೂರು ಕ್ಯಾಸೆಟ್ಟು. ರಾಣಿ ತವರಿನಿಂದ ತಂದದ್ದು ಒಂದೇ ಕ್ಯಾಸೆಟ್ಟು. ಅದರಲ್ಲಿ, ತೀರಿಹೋದ ಅವಳ ಅಜ್ಜಿ ಕತೆ ಹೇಳಿದ್ದಳು.

ರಾಜನಿಗೆ ಬಾಗಲಕೋಟೆಯಿಂದ ಕೋಲಾರಕ್ಕೆ ವರ್ಗವಾಯಿತು. ಸ್ಪೀಕರುಗಳು ರಾಣಿಯ ರೇಷ್ಮೆ ಸೀರೆ ಉಟ್ಟು, ಬೆಲ್ಟು ಬಿಗಿದುಕೊಂಡು ಕಾರಿನಲ್ಲಿ ಕುಳಿತವು. ರಾಣಿ ಲಾರಿ ಹತ್ತುವ ಮುನ್ನ ಕೇಳಿದಳು.

"ರೀ, ನಮ್ಮಜ್ಜಿ ಕ್ಯಾಸೆಟ್ ತಗೊಂಡೀರಿಲ್ಲೊ?"

"ನನ್ನ ಪ್ಯಾಕಿಂಗಿನಾಗ ಒಂದು ಸೂಜಿನೂ ತಪ್ಪಂಗಿಲ್ಲ, ಕಸ್ತೂರಿ. ಹೊಸ ಮನ್ಯಾಗ ಮೊದಲು ಅದನ್ನ ಹಾಕ್ತೀನಿ."

"ಹ್ವಾದ ದೀಪಾವಳಿಗೂ ಹಿಂಗ ಅಂದಿದ್ರಿ."

"ಆಗ ವಾಯರ್ ಚಲೋ ಇರಲಿಲ್ಲ. ನಿಮ್ಮಜ್ಜಿ ಧ್ವನಿಗೆ ಅಂಥಿಂಥಾ ವಾಯರ್ ನಡಿತೈತೇನು?"

ಕೋಲಾರದಲ್ಲಿ ಒಲೆ ಹೊತ್ತಲು ನಾಲ್ಕು ದಿನ ಬೇಕಾಯಿತು. ಸ್ಪೀಕರುಗಳ ಸ್ಥಾನವನ್ನು ರಾಜ ಇನ್ನೂ ಟೇಪು ಹಿಡಿದು ಅಳೆಯುತ್ತಿದ್ದನಲ್ಲ, ಅಡುಗೆಗೆ ಏನವಸರ.

ಐದನೆಯ ದಿನ ಅವನು ರಾಣಿಯನ್ನು ಎರಡೂ ಸ್ಪೀಕರುಗಳ ನಟ್ಟನಡುವೆ ಕೂರಿಸಿದ. ಅವಳು ತನ್ನ ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸಿ ಕೊಟ್ಟಳು.

"ಕಣ್ಣ ಮುಚ್ಚು. ಅಜ್ಜಿ ಎದುರಿಗೇ ಕುಂತಂಗ ಅನಸ್ತೈತಿ."

"ಹೂಂ, ಹಚ್ಚರಿ."

ಕೊಟ್ಟ ಮಾತಿನಂತೆ ರಾಜ ಗುಂಡಿ ಒತ್ತಿದ.

ಎರಡೂ ಸ್ಪೀಕರುಗಳಿಂದ, ಒಂದಿಷ್ಟೂ ಕರಕರ ಇಲ್ಲದೆ, ಅವನದೇ ಧ್ವನಿ ಹೊರಟಿತು: "ಹಲೋ, ಹಲೋ. ಹೊಸಾ ಕ್ಯಾಸೆಟ್ ಹಾಳಾಗಬಾರದಂತ, ಮನ್ಯಾಗ ಬಿದ್ದಿದ್ದ ಈ ಹಳೇದರ ಮ್ಯಾಲೆ ಸಾಮಾನಿನ ಪಟ್ಟಿ ತುಂಬಾಕತ್ತೀನಿ. ಡಬ್ಬಿ ಒಂದು, ಭಜನಿ ಕ್ಯಾಸೆಟ್ ನಲವತ್ತು..."