ಅಮ್ಮ ನೀರಿಗೆ ಹಾರಿದ ಮಧ್ಯಾಹ್ನ

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಏಳು ವರ್ಷ. ತೇಲುವ ಕೊಳವೆಗಳ ಮೇಲೆ ಚಪ್ಪಟೆ ಹಲಗೆ ಹಾಸಿದ ಪಾಂಟೂನ್ ಬೋಟು, ನಮ್ಮ ಮೊದಲನೆಯದು, ಆರಿಸಲೆಂದು ಅಪ್ಪ ಎಲ್ಲರನ್ನೂ ಲಿವರ್‌ಮೋರ್ ಊರಿನ ಹತ್ತಿರದ ಕೆರೆಗೆ ಕರೆದೊಯ್ದಿದ್ದರು. ದಡಕ್ಕೆ ಕಟ್ಟಿದ್ದ, ರೆಕ್ಸಿನ್ ಸೀಟಿನ ಅಗಲವಾದ ಬೋಟು ಹತ್ತಿ, ಸುತ್ತಲಿನ ಕಂಬಿಯನ್ನು ಅಲುಗಾಡಿಸಿ ನೋಡಿದರು.

"ನಿಮ್ಮಮ್ಮಂಗೆ ನೀರು ಅಂದ್ರೆ ಭಯ. ಇದೇ ಸೇಫು," ಎಂದರು.

ಅಮ್ಮ ನನ್ನನ್ನೂ ತಂಗಿಯನ್ನೂ ಬೋಟಿಗೆ ಹತ್ತಿಸಿ ತಾನೂ ಹತ್ತಿದಳು.

ಲೈಫ್ ಜಾಕೆಟ್ಟು ತೊಡಿಸುವ ಮೊದಲೇ, ಕಂಬಿಯಲ್ಲಿದ್ದ ಚಿಲಕ ಹಾಕದ ಗೇಟಿನಿಂದ ಮೂರು ವರ್ಷದ ತಂಗಿ ನೀರಿಗೆ ಬಿದ್ದಳು. ಅಪ್ಪ ಕಲ್ಲಿನಂತೆ ನಿಂತುಬಿಟ್ಟರು. ಅಮ್ಮ ಚೂಡಿದಾರದಲ್ಲೇ ಹಾರಿ ಮುಳುಗಿದಳು. ನಾನು ಕಿರುಚಿದೆ. ಮರುಗಳಿಗೆ ತಂಗಿಯನ್ನು ಎದೆಗವಚಿಕೊಂಡು ಮೇಲೆದ್ದವಳು, ಒಂದೇ ಕೈಯಲ್ಲಿ ಸರಾಗವಾಗಿ ಈಜಿ ಬಂದಳು.

ದಡದಲ್ಲಿ ತಂಗಿ ಕೆಮ್ಮಿ ಅತ್ತಳು.

"ನಿಂಗೆ ಈಜು ಬರತ್ತಾ?" ಅಪ್ಪ ಕೇಳಿದರು.

ಅಮ್ಮ ದುಪಟ್ಟಾ ಹಿಂಡುತ್ತ ಹೇಳಿದಳು: "ನಾಲೆ ಪಕ್ಕದ ಮನೇಲಿ ಬೆಳೆದೋಳು ನಾನು. ನೀವು ಯಾವತ್ತಾದ್ರೂ ಕೇಳಿದ್ರಾ?"