ಪದಬಂಧದ ಕಳ್ಳನಿಗೊಂದು ಹಳೆಯ ಕಾರ್ಡು

ಇಂದೂ ಕಳ್ಳ ಬಂದು ಹೋಗಿದ್ದ.

ಪಂಪಾಪತಿ ವಾಕಿಂಗ್ ಮುಗಿಸಿ ಬಂದು ಕಟ್ಟೆಯ ಮೇಲಿನ ಪೇಪರ್ ಬಿಚ್ಚಿದರೆ ಪದಬಂಧದ ಮನೆಗಳೆಲ್ಲ ಭರ್ತಿ. ಪೆನ್ಸಿಲಿನ ದಪ್ಪ, ದುಂಡನೆಯ ಅಕ್ಷರ. ಒಂದೂ ತಪ್ಪಿಲ್ಲ. ಹದಿನೆಂಟು ದಿನದಿಂದ ಇದೇ ಹಾಡು. ದೇವದುರ್ಗ–ರಾಯಚೂರು ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತನಾದವನಿಗೆ ದಿನಕ್ಕೊಂದು ಪದಬಂಧವೇ ಹಬ್ಬದೂಟ. ಅದನ್ನು ಯಾರೋ ಮೊದಲೇ ಉಂಡು ಎಲೆ ಎತ್ತುತ್ತಿದ್ದರು.

"ವಾದಿರಾಜ ಮಾಸ್ತರಂದs ಕೆಲಸ," ಎಂದ, ಚಹಾ ತಂದ ಹೆಂಡತಿಗೆ.

ವಾದಿರಾಜರು ಪಕ್ಕದ ಮನೆಯವರು. ಮಾನ್ವಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಜೇಬಿನಲ್ಲಿ ಸದಾ ಒಂದು ಪೆನ್ಸಿಲ್.

"ನೀ ಯಾರನ್ನೂ ನೋಡಿಲ್ಲೇನು?"

"ಮಾಸ್ತರು ಬರ್ತಾರ, ಹೋಗ್ತಾರ. ಬ್ಯಾರೆ ಹೊರಗಿನವರನ್ನ ನಾ ಕಂಡಿಲ್ಲ," ಎಂದಳು ದುರುಗಮ್ಮ. "ಹಿಡದ ಮ್ಯಾಲ ಏನು ಮಾಡ್ತೀರಿ?"

"ಮಂದಿ ಮುಂದ ಕುಂದ್ರಿಸಿ ಬಾಯಿ ಬಿಡಸ್ತೀನಿ."

"ನೋಡೂಣು."

ಅರಕೇರಾದ ಹೊಲಗಳಲ್ಲಿ ಕಳೆ ಕೀಳುತ್ತ ಬೆಳೆದ ದುರುಗಮ್ಮನಿಗೆ ಶಾಲೆ ದಕ್ಕಿರಲಿಲ್ಲ. ಪೇಪರ್ ಓದಿ ಹೇಳುವುದು ಮದುವೆಯಾದಾಗಿನಿಂದ ಗಂಡನ ಪಾಲಿನ ಕೆಲಸ. ಸಕ್ಕರೆ ಇಲ್ಲದ ಚಹಾ ಹೀರಿ, ಅಂದೂ ಕನ್ನಡಕ ಏರಿಸಿದ.

"ಕೇಳಿಲ್ಲಿ. ವಾರಕ್ಕ ಎರಡು ಹೋಳಿಗಿ ತಿಂದ್ರ ಸಕ್ಕರಿ ಕಾಯಿಲಿಗೆ ಏನೂ ಆಗಂಗಿಲ್ಲಂತ. ದೊಡ್ಡ ಡಾಕ್ಟರ್ ಹೇಳ್ಯಾನ."

"ಹೌದಾ?" ಎಂದು ಅವಳು ಕಪ್–ಬಸಿ ಎತ್ತಿಕೊಂಡು ಒಳಗೆ ನಡೆದಳು.

ಪಂಪಾಪತಿಗೆ ಸಾಕ್ಷಿ ಬೇಕಿತ್ತು. ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಇತ್ತು. ಅದರೊಳಗೆ ಇಪ್ಪತ್ತು ವರ್ಷದ ಹಿಂದೆ ಕ್ರಿಕೆಟ್ ನೋಡಲೆಂದು ಹಾಕಿಸಿದ ಟಿವಿ ಟ್ಯೂನರ್ ಗ್ರಾಫಿಕ್ಸ್ ಕಾರ್ಡು. ಗೆಳೆಯ ಮೀರಾಹುಸೇನ ತನ್ನ ಅಂಗಡಿಯಿಂದ ಬಿಚ್ಚಿಹಾಕಿದ್ದ ಹಳೆಯ ಸಿಸಿಟಿವಿ ಕ್ಯಾಮೆರಾ ಕೊಟ್ಟ. ಅದರ ಹಳದಿ ವೈರು ಕಾರ್ಡಿಗೆ ಸಿಕ್ಕಿಸಿದರೆ ಸಾಕು, ಮೀಡಿಯಾ ಸೆಂಟರ್ ಸಾಫ್ಟ್‌ವೇರ್ ನಮ್ಮ ಕಟ್ಟೆಯನ್ನೇ ಒಂದು ಚಾನೆಲ್ ಅಂದುಕೊಂಡು ರೆಕಾರ್ಡ್ ಮಾಡುತ್ತದೆ. ಹೀಗೆಂದು ಬಾಯಿತಪ್ಪಿ ಹೇಳಿದವಳು ಸೊಸೆ ಮೇಘಾ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಹೇಳಿ ಸಿಕ್ಕಿಬಿದ್ದಳು.

"ಹೊಸ ಕ್ಯಾಮೆರಾ ತಂದ್ರ ಅರ್ಧ ತಾಸಿನ ಕೆಲಸ, ಮಾವಾರ."

"ಮನ್ಯಾಗ ಇಷ್ಟು ಸಾಮಾನು ಇಟ್ಕೊಂಡು ಹೊಸದು ಯಾಕ ಯವ್ವಾ? ಇದನ್ನs ಹಚ್ಚು."

ಮೊದಲ ದಿನ ಕಾರ್ಡಿನ ಧೂಳು ಊದಿ, ಅದರ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸಿದರು. ಸಾಫ್ಟ್‌ವೇರ್ ಮಾತ್ರ ಇಲ್ಲಿ ಟ್ಯೂನರೇ ಇಲ್ಲ ಎಂದು ಹಟ ಹಿಡಿಯಿತು. ಕಾರ್ಡನ್ನು ಕಂಪ್ಯೂಟರಿಗೆ ಪರಿಚಯ ಮಾಡಿಕೊಡುವ ಡ್ರೈವರ್ ಬೇಕು. ಅದರ ಸೀಡಿ ಎಂದೋ ಹಕ್ಕಿ ಓಡಿಸಲು ಹೊಲ ಸೇರಿತ್ತು. ತೀನ್ ಕಂದೀಲ್ ವೃತ್ತದ ಬಳಿ ರಿಪೇರಿ ಅಂಗಡಿ ಇಟ್ಟಿರುವ ನಗ್ಮಾ ಎಲ್ಲಿಂದಲೋ ಹುಡುಕಿಕೊಟ್ಟಳು. ಅದು ಹಳೆಯ ವಿಂಡೋಸ್‌ಗೆ ಮಾತ್ರ ಒಗ್ಗುವಂಥದ್ದು. ಸರಿ, ಹಳೆಯ ವಿಂಡೋಸನ್ನೇ ಹಾಕಿದ್ದಾಯಿತು.

ಮೂರನೆಯ ದಿನ ಸಾಫ್ಟ್‌ವೇರ್ ಎಲ್ಲ ಚಾನೆಲ್ ಜಾಲಾಡಿತು. ಪರದೆ ತುಂಬ ಜೋಳದ ಹಿಟ್ಟು ಚೆಲ್ಲಿದಂತೆ ಚುಕ್ಕಿ.

"ಇದು ಆ್ಯಂಟೆನಾ ಹುಡುಕಾಕತ್ತದ," ಎನ್ನುತ್ತ ಮೇಘಾ ಅದರ ಗಮನವನ್ನು ಹಳದಿ ವೈರಿನ ಕಡೆಗೆ ತಿರುಗಿಸಿದಳು. ಚಿತ್ರ ಬಂತು. ಆದರೆ ಬಣ್ಣವಿಲ್ಲ. ಮೇಲಿಂದ ನಿಲ್ಲದೆ ಉರುಳುತ್ತಿತ್ತು.

"ನಮ್ಮ ಕಟ್ಟಿ ಯಾಕ ಮ್ಯಾಲ ಹೊಂಟದ?"

"ಸಾಫ್ಟ್‌ವೇರು ತಾನು ಅಮೆರಿಕಾದಾಗ ಇದ್ದೀನಿ ಅಂದ್ಕೊಂಡದ ಮಾವಾರ. ಅಲ್ಲಿ ಟಿವಿ ಪದ್ಧತಿನೇ ಬ್ಯಾರೆ."

ದೇಶದ ಪಟ್ಟಿಯಲ್ಲಿ ಇಂಡಿಯಾ ಆರಿಸಿದಳು. ಕಟ್ಟೆ ಗಕ್ಕನೆ ನಿಂತಿತು. ಗೇಟಿನ ಪಕ್ಕದ ದಾಸವಾಳ ಕೆಂಪಗೆ ಅರಳಿತು. ಪಂಪಾಪತಿ ಕೂತಲ್ಲೇ ಚಪ್ಪಾಳೆ ಹೊಡೆದ. ಪಕ್ಕದಲ್ಲಿ ದುರುಗಮ್ಮನೂ ನೋಡುತ್ತಿದ್ದಳು. ಮಧ್ಯಾಹ್ನ ಅತ್ತೆ–ಸೊಸೆ ಒಂದೇ ಕೋಣೆಯಲ್ಲಿ ಕೂರುವುದು ಆ ಮನೆಯಲ್ಲಿ ಹೊಸದೇನಲ್ಲ.

"ಕಳ್ಳ ಸಿಕ್ಕರ ಸಿಟ್ಟಿಗೇಳಂಗಿಲ್ಲ ಅಂತ ಮಾತು ಕೊಡ್ರಿ," ಎಂದಳು ಮೇಘಾ.

"ಮಾಸ್ತರು ವಯಸ್ಸಿನಾಗ ದೊಡ್ಡಾವರು. ನಾ ಯಾಕ ಸಿಟ್ಟಿಗೇಳಲಿ?"

ಮರುದಿನ ಬೆಳಿಗ್ಗೆ ರೆಕಾರ್ಡಿಂಗ್ ಹಚ್ಚಿ ವಾಕಿಂಗಿಗೆ ಹೊರಟವನಿಗೆ ಹೆಂಡತಿ ಇಳಕಲ್ ಸೀರೆ ಉಟ್ಟು ನಿಂತದ್ದು ಕಂಡಿತು.

"ಎಲ್ಲಿಗೆ ಹೊಂಟಿ?"

"ಎಲ್ಲಿಗೂ ಇಲ್ಲ. ನೀವು ಹೋಗಿ ಬರ್ರಿ."

ಬಂದು ನೋಡಿದರೆ ಪದಬಂಧ ಮತ್ತೆ ಭರ್ತಿ. ಪಂಪಾಪತಿಗೆ ಹಿಗ್ಗೋ ಹಿಗ್ಗು. ಗೋಡೆಯಾಚೆಗೆ ಕೂಗಿದ: "ಮಾಸ್ತರ್ರೀ, ಹಳೇ ಕಂಪ್ಯೂಟರಿನ್ಯಾಗ ಟಿವಿ ಬಂದದ. ನೋಡಬರ್ರಿ!"

ವಾದಿರಾಜರು ನಗುತ್ತಲೇ ಬಂದು ಕುರ್ಚಿಯಲ್ಲಿ ಕೂತರು. ಮೇಘಾ ಗುಂಡಿ ಒತ್ತಿದಳು.

ಪೇಪರ್ ಕಟ್ಟೆಗೆ ಬಂದು ಬಿತ್ತು. ಗೇಟು ತೆರೆಯಿತು. ವಾದಿರಾಜರೇ! ಪಂಪಾಪತಿ ತೊಡೆ ತಟ್ಟಿದ. ಪರದೆಯ ಮಾಸ್ತರು ಪೇಪರ್ ಎತ್ತಿದರು, ಮೊದಲ ಪುಟದ ಮೇಲೆ ಕಣ್ಣಾಡಿಸಿದರು, ಮಡಚಿ ಇದ್ದಲ್ಲೇ ಇಟ್ಟು ಹೊರಟುಹೋದರು. ಜೇಬಿನ ಪೆನ್ಸಿಲ್ ಜೇಬಿನಲ್ಲೇ ಇತ್ತು.

"ಇಷ್ಟೇನಾ?" ಪಂಪಾಪತಿಯ ಮುಖ ಇಳಿಯಿತು.

"ಸ್ವಲ್ಪ ತಡೀರಿ," ಎಂದಳು ಮೇಘಾ.

ಈ ಸಲ ಗೇಟು ಅಲುಗಲಿಲ್ಲ. ಒಳಗಿನಿಂದ ಇಳಕಲ್ ಸೀರೆಯ ಕೆಂಪು ಸೆರಗು ಬಂತು. ದುರುಗಮ್ಮ ಕಟ್ಟೆಯ ಮೇಲೆ ಕೂತು, ಸೀದಾ ಪದಬಂಧದ ಪುಟ ತೆರೆದಳು. ಬೆರಳಿನಿಂದ ಮನೆ ಎಣಿಸಿದಳು. ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂರಿಸಿದಳು. ಮುಗಿದ ಮೇಲೆ ಕ್ಯಾಮೆರಾದ ಕಡೆ ತಿರುಗಿ, ಪುಟವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು.

"ಭೇಷ್!" ಎಂದರು ವಾದಿರಾಜರು.

ಪಂಪಾಪತಿ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಕಣ್ಣು ತೇವವಾಯಿತು, ಮುಖ ಮಾತ್ರ ಅರಳುತ್ತಿತ್ತು. "ದುರುಗೀ... ನಿನಗ ಓದಾಕ ಬರತದ?"

"ಮೇಘಾ ಕಲಿಸ್ಯಾಳ. ಎರಡು ವರ್ಷ ಆತು. ಬಾಯಿಲೆ ಹೇಳಾಕ ನಾಚಿಕಿ ಬಂತು, ಅದಕ್ಕs ನೀವಾಗೇ ಹಿಡೀಲಿ ಅಂತ ಬರದೆ."

"ಮತ್ತ ಎರಡು ವರ್ಷದಿಂದ ನಾ ದಿನಾ ಪೇಪರ್ ಓದಿ ಹೇಳೋದು ಸುಮ್ಮನ ಯಾಕ ಕೇಳಾಕತ್ತಿದ್ದಿ?"

"ನೀವು ಹೇಳೋ ಅರ್ಧ ಸುದ್ದಿ ಪೇಪರಿನ್ಯಾಗ ಇರಂಗೇ ಇಲ್ಲಲ್ರಿ, ಅದಕ್ಕ!"