ಆರನೆಯ ಸೌಲಭ್ಯ

ಮೊದಲ ಏಟು ಭುಜಕ್ಕೆ. ಎರಡನೆಯದು ಕಿವಿಯ ಕೆಳಗೆ. ಮೂರನೆಯದು ಪಕ್ಕೆಗೆ ಬಿದ್ದಾಗ ಅವನು ನರಳಿ ಹಿಂದೆ ಸರಿದು ಗೋಡೆಗೆ ಒರಗಿದ. ಅವಳು ಬಿಡಲಿಲ್ಲ. ಪಟ್ಟಿ ಕಟ್ಟಿದ ಎಡಗೈ ಕೋಟಿನೊಳಗಿತ್ತು. ಬಲಗೈ ಒಂದರಲ್ಲೇ ದೊಣ್ಣೆ ಬೀಸಿ ಬೀಸಿ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದಳು. ಗಂಟೆ ಬಾರಿಸಿದಾಗಲೇ ನಿಲ್ಲಿಸಿದ್ದು.

ಗಾಬರಿ ಬೇಡ, ಇದು ಆಟ. ಊರ ಹೊರಗಿನ ಪಾರ್ಕಿನಲ್ಲಿ, ಜೈಂಟ್ ವೀಲ್ ದಾಟಿದರೆ ‘ರಾಕ್ಷಸನ ಗುಹೆ’ ಅಂತ ಒಂದಿದೆ. ಟಿಕೆಟ್ ಕೊಂಡವರು ಸ್ಪಂಜು ಸುತ್ತಿದ ದೊಣ್ಣೆ ಹಿಡಿದು ಮೂರು ನಿಮಿಷ ರಾಕ್ಷಸನಿಗೆ ಬಾರಿಸಬಹುದು. ರಾಕ್ಷಸ ಅಂದರೆ ಸಂಬಳದ ಮನುಷ್ಯ. ಮೈಗೆ ದಿಂಬಿನಂಥ ಉಡುಪು, ತಲೆಗೆ ಕೊಂಬಿರುವ ರಬ್ಬರ್ ಮುಖವಾಡ. ಅವನು ತಿರುಗಿ ಹೊಡೆಯುವಂತಿಲ್ಲ, ಬಾಯಿ ಬಿಡುವಂತಿಲ್ಲ. ಹೊಡೆಯುವವರಿಗೂ ಜಾಲರಿಯ ಹೆಲ್ಮೆಟ್, ಉದ್ದ ಕೋಟು ಕಡ್ಡಾಯ. ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಸ್ಪಂಜಿದ್ದರೇನು, ಒಳಗಿರುವುದು ಮರವೇ. ಮನಸ್ಸಿಟ್ಟು ಹೊಡೆದರೆ ನೋವು ದಿಂಬು ದಾಟಿ ಹೋಗುತ್ತದೆ.

ಅವಳು ಮನಸ್ಸಿಟ್ಟೇ ಹೊಡೆಯುತ್ತಿದ್ದಳು. ಪಾರ್ಕಿಗೆ ಬಂದದ್ದು ಇದು ಮೂರನೆಯ ಸಲ.

ಎಲ್ಲಿ ಹೊಡೆದರೆ ಎಷ್ಟು ನೋಯುತ್ತದೆ ಅನ್ನುವುದನ್ನು ಕಲಿತದ್ದು ಮನೆಯಲ್ಲಿ. ಮದುವೆಯಾಗಿ ಹನ್ನೊಂದು ವರ್ಷ. ಗಂಡನಿಗೆ ಟೈರ್ ಗೋದಾಮಿನಲ್ಲಿ ಮೇಲ್ವಿಚಾರಣೆಯ ಕೆಲಸ ಅಂತ ಬಂಧುಬಳಗಕ್ಕೆಲ್ಲ ಗೊತ್ತು. ಸಂಜೆ ರಬ್ಬರ್ ವಾಸನೆ ಹೊತ್ತು, ಮೈಕೈ ನೋವು ಅಂತ ಸಿಡುಕುತ್ತ ಬರುತ್ತಾನೆ. ಮೊದಲು ಭುಜಕ್ಕೆ, ಆಮೇಲೆ ಕಿವಿಯ ಕೆಳಗೆ, ಆಮೇಲೆ ಪಕ್ಕೆಗೆ. ಕಳೆದ ಮಂಗಳವಾರ, ಟೈರ್ ಉರುಳಿ ಮಂಡಿಗೆ ಬಡಿಯಿತು ಅಂತ ಕುಂಟುತ್ತ ಬಂದ. ಅವಳು ಮಗಳ ತಲೆ ಬಾಚುತ್ತಿದ್ದಳು, ಬಾಗಿಲು ತೆಗೆಯುವುದು ಅರೆ ನಿಮಿಷ ತಡವಾಯಿತು. ಹೊಸ್ತಿಲಲ್ಲೇ ಅವಳ ಮಣಿಕಟ್ಟು ಹಿಡಿದು ತಿರುಚಿದ. ಎಲುಬು ಲಟಕ್ಕೆಂದದ್ದು ಮಗಳಿಗೂ ಕೇಳಿಸಿತು. ಆಮೇಲೆ ಊಟಕ್ಕೆ ಕೂತು, ಇದೆಲ್ಲ ನಿನ್ನಿಂದಲೇ ಆದದ್ದು ಅಂದ.

ಸಾಕಾಗಿತ್ತು. ಇವತ್ತು ಹೊರಟುಬಿಡುವುದು ಅಂತ ನಿಶ್ಚಯಿಸಿದ್ದಳು. ಬಟ್ಟೆಯ ಚೀಲ ಪಾರ್ಕಿನ ಲಾಕರಿನಲ್ಲಿತ್ತು. ಅವಳ ಅಕ್ಕ ಮಗಳನ್ನು ಶಾಲೆಯಿಂದ ಕರೆದುಕೊಂಡು ನಾಲ್ಕು ಗಂಟೆಗೆ ಗೇಟಿನ ಹತ್ತಿರ ಕಾರು ತರುವವಳಿದ್ದಳು. ಮನೆ ಬಿಡುವ ದಿನವೂ ನಿನಗೆ ಪಾರ್ಕು ಬೇಕಾ, ತಲೆ ಕೆಟ್ಟಿದೆಯಾ ಅಂತ ಬೈದಿದ್ದಳು. ಅಕ್ಕನಿಗೆ ಹೇಗೆ ಹೇಳುವುದು? ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲವೂ ‘ತಪ್ಪಾಯ್ತು’ ಅನ್ನುವ ಮಾತು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಅದನ್ನು ಕೇಳದೆ ಹೋಗಲು ಅವಳಿಗೆ ಕಾಲೇ ಬರುತ್ತಿರಲಿಲ್ಲ.

ಗುಹೆಯಿಂದ ನೇರ ವಾರ್ಷಿಕ ಪಾಸಿನ ಕೌಂಟರಿಗೆ ಹೋದಳು. ಒಗೆಯುವ ಬಟ್ಟೆಯ ನಡುವೆ ಸಿಕ್ಕಿದ್ದ ಪಾರ್ಕಿನ ಕರಪತ್ರ ಕೈಯಲ್ಲಿತ್ತು. ಅದರಲ್ಲಿ ಪಾಸಿನ ಆರು ಸೌಲಭ್ಯಗಳ ಪಟ್ಟಿ. ಆರನೆಯ ಸಾಲನ್ನು ಯಾರೋ ಕಾಗದ ಹರಿಯುವಷ್ಟು ಒತ್ತಿ ಗೀಚಿಹಾಕಿದ್ದರು.

ಕೌಂಟರಿನ ಹುಡುಗಿ ಪ್ರಾಮಾಣಿಕಳು. ವರ್ಷಕ್ಕೆ ಏಳು ಸಲವಾದರೂ ಬಂದರೆ ಮಾತ್ರ ಪಾಸು ಗಿಟ್ಟುತ್ತದೆ, ಇಲ್ಲದಿದ್ದರೆ ದಿನದ ಟಿಕೆಟ್ಟೇ ವಾಸಿ ಅಂದಳು. ಪಾರ್ಕಿಂಗ್ ಉಚಿತ, ಇವಳಿಗೆ ವಾಹನವಿಲ್ಲ. ಐಸ್‌ಕ್ರೀಮಿಗೆ ರಿಯಾಯಿತಿ, ಇವಳಿಗೆ ಬೇಕಿಲ್ಲ.

“ನಾನು ಇನ್ನೊಂದೇ ಸಲ ಒಳಗೆ ಹೋಗೋದು,” ಎಂದಳು ಇವಳು.

“ಹಾಗಾದ್ರೆ ಬೇಡ ಅಕ್ಕಾ. ದುಡ್ಡು ದಂಡ.”

“ಈ ಆರನೇದು ಏನು?”

ಹುಡುಗಿ ನಕ್ಕಳು. ಈ ತಿಂಗಳು ಹೊಸದಾಗಿ ಸೇರಿಸಿದ್ದಂತೆ. ಪಾಸಿನವರ ಆಟ ಮುಗಿದ ಮೇಲೆ ರಾಕ್ಷಸ ಮುಖವಾಡ ತೆಗೆದು, ಮಂಡಿಯೂರಿ ಕ್ಷಮೆ ಕೇಳಬೇಕು. ಏನಂತ ಕೇಳಬೇಕು ಅನ್ನುವುದನ್ನು ಪಾಸಿನವರೇ ಚೀಟಿಯಲ್ಲಿ ಬರೆದುಕೊಡಬಹುದು. ಜನ ಲೆಕ್ಕದ ಮೇಷ್ಟ್ರನ್ನು, ಆಫೀಸಿನ ಸಾಹೇಬರನ್ನು ನೆನೆಸಿಕೊಂಡು ಬರೆಸಿ, ನಕ್ಕು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

“ಓದಲ್ಲ ಅಂದ್ರೆ?”

“ಕೆಲಸ ಹೋಗುತ್ತೆ. ಓದೇ ಓದ್ತಾನೆ.”

ಇವಳು ಹೊಲಿಗೆಯಲ್ಲಿ ಉಳಿಸಿದ್ದ ದುಡ್ಡನ್ನು ಕರವಸ್ತ್ರದಿಂದ ಬಿಚ್ಚಿ ಇಟ್ಟಳು. ಚೀಟಿಯಲ್ಲಿ ಎರಡು ಸಾಲು ಬರೆದಳು. ಹುಡುಗಿ ಓದಿದಳು. ನಗು ನಿಂತಿತು. ಇವಳ ಕೈಯ ಪಟ್ಟಿಯ ಕಡೆ ನೋಡಿ ದನಿ ತಗ್ಗಿಸಿದಳು.

“ಸಂಬಳಕ್ಕಿರೋನ ಬಾಯಿಂದ ಕೇಳಿದ್ರೆ ಸಮಾಧಾನ ಆಗುತ್ತಾ ಅಕ್ಕಾ?”

“ನೋಡೋಣ.”

ಅಯ್ಯೋ ಪಾಪ ಅಂದುಕೊಂಡಳು ಹುಡುಗಿ. ಫೋಟೊ ಎರಡು ಪ್ರತಿ ತೆಗೆಯಲು ಹೇಳಿ ಚೀಟಿಗೆ ಠಸ್ಸೆ ಒತ್ತಿದಳು.

ಮತ್ತೆ ಹೆಲ್ಮೆಟ್, ಮತ್ತೆ ಕೋಟು, ಮತ್ತೆ ದೊಣ್ಣೆ. ರಾಕ್ಷಸ ಈ ಸಲ ಎಡಗಾಲನ್ನು ಹಿಂದಿಟ್ಟು ಕಾಪಾಡಿಕೊಳ್ಳುತ್ತಿದ್ದ. ಅವಳು ಭುಜ ಮುಟ್ಟಲಿಲ್ಲ, ಕಿವಿ ಮುಟ್ಟಲಿಲ್ಲ. ಸುತ್ತಿ ಬಂದು ಎಡ ಮಂಡಿಗೇ ಬಾರಿಸಿದಳು. ಅವನು ಕೈ ಅಡ್ಡ ಹಿಡಿದರೆ ಕೈಗೆ, ಕೈ ತೆಗೆದರೆ ಮತ್ತೆ ಮಂಡಿಗೆ. ಹಲ್ಲು ಕಚ್ಚಿ, ಉಸಿರು ಕಟ್ಟುವವರೆಗೆ ಹೊಡೆದಳು. ಗಂಟೆ ಬಾರಿಸುವ ಮೊದಲೇ ಅವನು ದೊಪ್ಪನೆ ಕುಸಿದ. ಮಂಡಿಯೂರು ಅಂತ ಯಾರೂ ಹೇಳಬೇಕಾಗಲಿಲ್ಲ.

ಕಾವಲಿನವನು ಬಂದು ಅವನ ಕೈಗೆ ಚೀಟಿ ಕೊಟ್ಟ. ಫೋಟೊದವನು ಕ್ಯಾಮೆರಾ ಎತ್ತಿದ. ರಾಕ್ಷಸ ಮುಖವಾಡ ಕಿತ್ತು ಪಕ್ಕಕ್ಕಿಟ್ಟು, ಬೆವರು ಒರೆಸಿಕೊಂಡು, ತಲೆ ಎತ್ತದೆ ಒಂದೇ ದನಿಯಲ್ಲಿ ಓದತೊಡಗಿದ.

“ಮಂಗಳವಾರ ಬಾಗಿಲು ತೆಗೆಯೋದು ತಡ ಆಯ್ತು ಅಂತ, ಮಗಳ ಕಣ್ಣೆದುರಿಗೇ...”

ದನಿ ಅಲ್ಲೇ ನಿಂತಿತು. ಅವನು ತಲೆ ಎತ್ತಿ ನೋಡಿದ. ಅವಳು ಪಟ್ಟಿ ಕಟ್ಟಿದ ಎಡಗೈಯನ್ನು ಕೋಟಿನಿಂದ ಹೊರಗೆ ತೆಗೆದಳು. ಬಲಗೈಯಿಂದ ಹೆಲ್ಮೆಟ್ ಕಳಚಿದಳು.

“ಪೂರ್ತಿ ಓದಿ, ರೀ,” ಎಂದಳು ಅವನ ಹೆಂಡತಿ.